ಪೋರ್ಟ್‌ಲೆಂಡಿನ ವಿಕ್ಟೋರಿಯಾ ಮ್ಯಾನ್ಷನ್: ಗೋಡೆ ನೋಡುವುದು ಹೇಗೆ?

ಬಾಸ್ಟನ್ ಕಡೆಯ ಮಕ್ಕಳ ಮನೆಗೆ ಬೇಸಿಗೆ ಕಳೆಯಲು ಹೋಗುವ ನಮ್ಮವರು, ಅಲ್ಲಿಂದ ಕಾರಿನಲ್ಲಿ ಸುಮಾರು ಎರಡು ಗಂಟೆ ಉತ್ತರಕ್ಕಿರುವ ಮೇಯ್ನ್ ರಾಜ್ಯದ ಕಡಲತೀರದ ಊರು ಪೋರ್ಟ್‌ಲೆಂಡ್‌ಗೆ ಒಂದು ದಿನದ ಮಟ್ಟಿಗೆ ಹೋಗಿಬರುವುದುಂಟು. ದೀಪಸ್ತಂಭದ ಮುಂದೆ ಫೋಟೊ, ಬಂದರಿನ ಬಳಿ ಊಟ, ಹೊತ್ತು ಉಳಿದರೆ ಡ್ಯಾನ್‌ಫೋರ್ತ್ ಬೀದಿಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ಹಳೆಯ ಸಿರಿವಂತರ ಮನೆ ವಿಕ್ಟೋರಿಯಾ ಮ್ಯಾನ್ಷನ್ ಎಂಬುದು ಅವರ ದಿನಚರಿ. ಹೀಗೆ ಕೊನೆಗಳಿಗೆಯಲ್ಲಿ ಕಾಲೆಳೆಯುತ್ತ ಒಳಹೊಕ್ಕು, ಅರ್ಧ ಗಂಟೆಯಲ್ಲಿ ‘ಕುರ್ಚಿ ಮೇಜು ಚೆನ್ನಾಗಿವೆ’ ಎನ್ನುತ್ತ ಹೊರಬಂದವರನ್ನು ಹಲವು ಸಲ ಕಂಡಿದ್ದೇನೆ. ಮೊದಲ ಸಲ ನಾನೂ ಹಾಗೆಯೇ ಹೊರಬಂದವನು. ಆ ಮನೆಯ ನಿಜವಾದ ಸೊಗಸು ಇರುವುದು ಗೋಡೆ ಮತ್ತು ಚಾವಣಿಗಳ ಮೇಲೆ. ಅವುಗಳನ್ನು ನೋಡಲು ಸ್ವಲ್ಪ ಸಿದ್ಧತೆ ಬೇಕು.

ಮೊದಲು ದಿನ ಗೊತ್ತುಮಾಡಿಕೊಳ್ಳಿ. ಮನೆಯು ಸಾಮಾನ್ಯವಾಗಿ ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ, ಆಮೇಲೆ ನವೆಂಬರ್ ಕೊನೆಯಿಂದ ಕ್ರಿಸ್‌ಮಸ್ ಅಲಂಕಾರದೊಂದಿಗೆ ತೆರೆದಿರುತ್ತದೆ. ಆಯಾ ವರ್ಷದ ವೇಳೆಯನ್ನು ಅವರ ಜಾಲತಾಣದಲ್ಲಿ ನೋಡಿಯೇ ಹೊರಡಬೇಕು. ಮೊದಲ ಭೇಟಿಗೆ ಕ್ರಿಸ್‌ಮಸ್ ಕಾಲ ಖಂಡಿತ ಬೇಡ ಎಂಬುದು ನನ್ನ ಅಭಿಪ್ರಾಯ. ಹಬ್ಬದ ತೋರಣ, ಮರ, ದೀಪಗಳ ನಡುವೆ ಕಣ್ಣು ಗೋಡೆಯತ್ತ ಹೋಗುವುದೇ ಇಲ್ಲ. ದಿನದ ಮೊದಲ ಕೆಲಸವಾಗಿ ಈ ಮನೆಯನ್ನಿಟ್ಟುಕೊಂಡು ಒಂದೂವರೆ ಗಂಟೆಯನ್ನಾದರೂ ಮೀಸಲಿಡಿ. ದೀಪಸ್ತಂಭ ಮಧ್ಯಾಹ್ನದ ಮೇಲೂ ಅಲ್ಲೇ ಇರುತ್ತದೆ.

ಹೋಗುವ ಮುನ್ನ ಮನೆಯ ಹಿನ್ನೆಲೆಯನ್ನು ಒಮ್ಮೆ ಓದಿಕೊಂಡರೆ ಒಳಗೆ ತಬ್ಬಿಬ್ಬಾಗುವುದಿಲ್ಲ. ಹೆಸರು ಕೇಳಿ ‘ರಾಣಿ ಇಲ್ಲಿಗೆ ಬಂದಿದ್ದಳೇ?’ ಎಂದು ಕೇಳುವವರಿದ್ದಾರೆ. ಆ ಹೆಸರು ಮನೆ ವಸ್ತುಸಂಗ್ರಹಾಲಯವಾದಾಗ ರಾಣಿಯ ಗೌರವಾರ್ಥ ಇಟ್ಟದ್ದು. ಮನೆಯನ್ನು 1858ರಿಂದ 1860ರ ನಡುವೆ ಕಟ್ಟಿಸಿದ್ದು ರಗಲ್ಸ್ ಮೋರ್ಸ್ ಎಂಬ ಹೋಟೆಲ್ ಉದ್ಯಮಿ. ಮೇಯ್ನ್‌ನಲ್ಲಿ ಹುಟ್ಟಿ ದಕ್ಷಿಣದ ನ್ಯೂ ಆರ್ಲಿಯನ್ಸ್‌ನಲ್ಲಿ ಹಣ ಮಾಡಿದ ಆತ, ಅಲ್ಲಿನ ಸುಡುಬೇಸಿಗೆಯಿಂದ ತಪ್ಪಿಸಿಕೊಳ್ಳಲು ಇದನ್ನು ಕಟ್ಟಿಸಿಕೊಂಡ. ಆ ಹಣದ ಹಿಂದೆ ಗುಲಾಮರ ದುಡಿಮೆಯಿತ್ತು ಎಂಬುದನ್ನು ಮರೆಯಬಾರದು. ಮಾರ್ಗದರ್ಶಕರು ತಾವಾಗಿ ಹೇಳದಿದ್ದರೆ ನೀವೇ ಕೇಳಿ. ಮೋರ್ಸ್ ಕಾಲವಾದ ಮೇಲೆ, 1890ರ ದಶಕದಲ್ಲಿ, ಜವಳಿ ವ್ಯಾಪಾರಿ ಲಿಬ್ಬಿಯವರ ಕುಟುಂಬ ಮನೆಯನ್ನು ಸಾಮಾನು ಸಮೇತ ಕೊಂಡು, ಹೆಚ್ಚು ಬದಲಿಸದೆ ಬಾಳಿತು. ಮುಂದೆ ಖಾಲಿ ಬಿದ್ದು, 1938ರ ಚಂಡಮಾರುತಕ್ಕೂ ಸಿಕ್ಕಿ, ಕೆಡವಿ ಪೆಟ್ರೋಲ್ ಬಂಕ್ ಮಾಡುವ ಮಾತು ಬಂದಿತ್ತು. 1940ರಲ್ಲಿ ವಿಲಿಯಂ ಹೋಮ್ಸ್ ಎಂಬ ಶಿಕ್ಷಣತಜ್ಞರು ಕೊಂಡು ಉಳಿಸಿ, ಮರುವರ್ಷ ಸಾರ್ವಜನಿಕರಿಗೆ ತೆರೆದರು. ಮೂಲ ಪೀಠೋಪಕರಣಗಳಲ್ಲಿ ಶೇ 90ಕ್ಕೂ ಹೆಚ್ಚು ಉಳಿದಿರುವುದು ಇದರಿಂದಲೇ.

ಬೆನ್ನಚೀಲವನ್ನು ಕಾರಿನಲ್ಲೇ ಬಿಡಿ, ಮೊಣಕಾಲು ನೋವಿನವರು ಮೆಟ್ಟಿಲ ವಿಚಾರ ಮೊದಲೇ ಕೇಳಿಕೊಳ್ಳಿ.

ಈಗ ಮುಖ್ಯ ಹಂತ. ಒಳಗಿನ ಭಿತ್ತಿಚಿತ್ರಗಳು ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಜುಸೆಪ್ಪೆ ಗುಯಿಡಿಚೀನಿ ಮತ್ತು ಆತನ ಸಹಾಯಕರ ಕೈಕೆಲಸ. ಆತ ರಂಗಭೂಮಿಗೆ ಪರದೆ ಬರೆದ ಕಲಾವಿದ. ಕಂಪನಿ ನಾಟಕದ ದರ್ಬಾರು ಪರದೆಯನ್ನು ಕಂಡ ಕನ್ನಡಿಗರಿಗೆ ಇದರ ಗುಟ್ಟು ಸುಲಭವಾಗಿ ಹಿಡಿಯಬೇಕು: ಅಲ್ಲಿ ಬಟ್ಟೆಯ ಮೇಲಿನ ಕಂಬ, ಇಲ್ಲಿ ಗೋಡೆಯ ಮೇಲೆ ಬಣ್ಣದಲ್ಲೇ ಉಬ್ಬಿಸಿದ ಗಾರೆಕೆಲಸ ಮತ್ತು ಚೌಕಟ್ಟು. ಇಷ್ಟಾದರೂ ಬಹುತೇಕರು ಚಿತ್ರವನ್ನು ಕೆತ್ತನೆಯೆಂದೂ ಕೆತ್ತನೆಯನ್ನು ಚಿತ್ರವೆಂದೂ ತಿಳಿದು ಮುಂದೆ ಹೋಗುತ್ತಾರೆ.

ಕೋಣೆಗೆ ಕಾಲಿಟ್ಟ ಕೂಡಲೇ ಕಿಟಕಿ ಯಾವ ದಿಕ್ಕಿಗಿದೆ ಎಂದು ಗುರುತಿಸಿಕೊಳ್ಳಿ. ನಿಜವಾದ ಉಬ್ಬಿನ ನೆರಳು ಬೆಳಕಿಗೆ ವಿರುದ್ಧವಾಗಿ ಬೀಳಬೇಕು. ಹಾಗಿಲ್ಲದಿದ್ದರೆ ಅದು ಬಣ್ಣ. ಆದರೆ ಇಷ್ಟಕ್ಕೇ ತೀರ್ಪು ಕೊಡಬೇಡಿ, ಏಕೆಂದರೆ ಜಾಣ ಚಿತ್ರಕಾರನು ಕಿಟಕಿಯ ದಿಕ್ಕನ್ನೇ ಅನುಸರಿಸಿ ನೆರಳು ಬರೆದಿರುತ್ತಾನೆ. ಚೌಕಟ್ಟಿನ ಒಂದು ಮೂಲೆಯ ಮೇಲೆ ಕಣ್ಣಿಟ್ಟು ಎರಡು ಹೆಜ್ಜೆ ಎಡಕ್ಕೆ, ಮತ್ತೆ ಎರಡು ಹೆಜ್ಜೆ ಬಲಕ್ಕೆ ಸರಿಯಿರಿ. ನಿಜವಾದ ಉಬ್ಬಾದರೆ ಅದರ ಅಂಚು ಹಿಂದಿನ ಗೋಡೆಯನ್ನು ಕೊಂಚ ಮರೆಮಾಡುತ್ತ, ಕೊಂಚ ಬಿಟ್ಟುಕೊಡುತ್ತ ಹೋಗುತ್ತದೆ; ಬಣ್ಣವಾದರೆ ನೀವು ಎಲ್ಲಿ ನಿಂತರೂ ಅದೇ ಅಂಚು, ಅಷ್ಟೇ ನೆರಳು. ಇನ್ನೂ ಅನುಮಾನ ಉಳಿದರೆ ಬಾಗಿಲ ಪಕ್ಕಕ್ಕೆ ಬಂದು, ಕೈಗಳನ್ನು ಬೆನ್ನಹಿಂದೆ ಕಟ್ಟಿ, ಬಾಗಿಲಿರುವ ಗೋಡೆಯ ಉದ್ದಕ್ಕೂ ಓರೆಯಾಗಿ ದೃಷ್ಟಿ ಹಾಯಿಸಿ. ಎದುರಿನಿಂದ ನಾಲ್ಕು ಬೆರಳು ಉಬ್ಬಿದಂತೆ ಕಂಡ ಅಲಂಕಾರ ಒಮ್ಮೆಲೇ ಚಪ್ಪಟೆಯಾಗುತ್ತದೆ. ಮುಟ್ಟಿ ನೋಡುವ ಆಸೆ ಎಲ್ಲರಿಗೂ ಬರುತ್ತದೆ. ಬೆರಳಿನ ಎಣ್ಣೆಯಂಶ ಹಳೆಯ ಬಣ್ಣಕ್ಕೆ ಕೇಡು, ಆದ್ದರಿಂದ ಕೂಡದು.

ಚಾವಣಿಗೆ ನನ್ನ ಬಳಿ ಒಂದು ಸುಲಭೋಪಾಯವಿದೆ. ಅಂಗೈಯಗಲದ ಕನ್ನಡಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಎದೆಯ ಮಟ್ಟದಲ್ಲಿ ಮಲಗಿಸಿ ಹಿಡಿದರೆ, ಕತ್ತು ನೋಯಿಸಿಕೊಳ್ಳದೆ ಮೇಲಿನ ಚಿತ್ರವನ್ನೆಲ್ಲ ನೋಡಬಹುದು. ನಡೆಯುತ್ತ ಹಾಗೆ ನೋಡಬೇಡಿ, ನಿಂತು ನೋಡಿ. ಪ್ರವಾಸಿ ಅಂಗಡಿಗಳಲ್ಲಿ ಮಾರುವ ಆಟಿಕೆಯಂಥ ಬೈನಾಕ್ಯುಲರ್‌ಗೆ ದುಡ್ಡು ಸುರಿಯಬೇಡಿ. ನಾನು ಕೊಂಡದ್ದರಲ್ಲಿ ಗೋಡೆಗೂ ಚಾವಣಿಗೂ ಒಂದೇ ಮಸುಕು ಕಂಡಿತು. ಸೆಲ್ಫಿ ಕೋಲಂತೂ ಈ ಮನೆಗೆ ತರಲೇಬಾರದ ವಸ್ತು.

ಗೋಡೆ ಮುಗಿದ ಮೇಲೆ ಪೀಠೋಪಕರಣಗಳ ಸರದಿ. ಇವು ಜರ್ಮನಿಯಿಂದ ನ್ಯೂಯಾರ್ಕ್‌ಗೆ ಬಂದು ನೆಲೆಸಿದ ಗುಸ್ತಾವ್ ಹರ್ಟರ್ ಅವರ ಯೋಜನೆ; ಅವರು ಇಡಿಯಾಗಿ ಅಲಂಕರಿಸಿದ ಮನೆಗಳಲ್ಲಿ ಮೂಲರೂಪದಲ್ಲಿ ಉಳಿದುಬಂದಿರುವುದು ಇದೊಂದೇ. ಒಂಟಿ ಕುರ್ಚಿಯ ಅಂದ ನೋಡುವ ಬದಲು ಕುರ್ಚಿ, ರತ್ನಗಂಬಳಿ, ಗೋಡೆ ಮೂರನ್ನೂ ಒಟ್ಟಿಗೆ ನೋಡಿ, ಬಣ್ಣ ಎಲ್ಲಿಂದ ಎಲ್ಲಿಗೆ ಹರಿದಿದೆ ಎಂದು ಹುಡುಕಿ. ಮಹಾಗನಿ ಮೆಟ್ಟಿಲನ್ನು ಕೆಳಗಿನಿಂದ ನೋಡಿದಷ್ಟೇ ಮೇಲಿನಿಂದಲೂ ನೋಡಬೇಕು. ಮೇಲೆ ಹೋದಾಗ ತುರ್ಕಿ ಶೈಲಿಯ ಧೂಮಪಾನ ಕೋಣೆಯನ್ನು ತಪ್ಪಿಸಬೇಡಿ. ಕೋಣೆ ಚಿಕ್ಕದು, ಗುಂಪು ಬಾಗಿಲಲ್ಲೇ ನೆರೆಯುತ್ತದೆ. ಎಲ್ಲರನ್ನೂ ಮುಂದೆ ಬಿಟ್ಟು ಕೊನೆಯವರಾಗಿ ನಿಲ್ಲುವುದು ಮೇಲು.

ಹೊರಬಂದವರು ನೇರವಾಗಿ ಕಾರಿನತ್ತ ನಡೆಯದೆ ಮನೆಯ ಸುತ್ತ ಒಂದು ಸುತ್ತು ಹಾಕಬೇಕು. ವಾಸ್ತುಶಿಲ್ಪಿ ಹೆನ್ರಿ ಆಸ್ಟಿನ್ ಇದನ್ನು ಇಟಲಿಯ ಹಳ್ಳಿಮನೆಗಳ ಮಾದರಿಯಲ್ಲಿ, ಒಂದು ಬದಿಗೆ ಗೋಪುರವಿಟ್ಟು ರೂಪಿಸಿದ್ದಾರೆ. ಕಂದುಬಣ್ಣದ ಕಲ್ಲು ಮೆದುವಾದ ಮರಳುಗಲ್ಲು. ಅದರೊಳಗೆ ಇಳಿದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗುವುದರಿಂದಲೂ, ಕಡಲ ಗಾಳಿಯ ಉಪ್ಪಿನಿಂದಲೂ ಪದರಪದರವಾಗಿ ಏಳುತ್ತದೆ. ಕಿಟಕಿಯ ಕೆಳಗಂಚು ಮತ್ತು ಮೂಲೆಗಳನ್ನು ಹತ್ತಿರದಿಂದ ನೋಡಿದರೆ ಹಳೆಯ ಕಲ್ಲು ಯಾವುದು, ರಿಪೇರಿಯಾದದ್ದು ಯಾವುದು ಎಂದು ಗುರುತಿಸಬಹುದು. ಕಳಚಿದ ಚಕ್ಕೆ ಕಂಡರೆ ಅಲ್ಲೇ ಬಿಡಿ. ನೆನಪಿಗೆಂದು ಒಬ್ಬರು ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡದ್ದನ್ನು ನಾನೇ ನೋಡಿದ್ದೇನೆ, ಕಾರಿಗೆ ಬಂದು ಬಿಚ್ಚುವಷ್ಟರಲ್ಲಿ ಅದು ಕೆಂಪು ಮರಳಾಗಿತ್ತು.