ಬಾಡಿಗೆ ಮನೆಯಲ್ಲಿ ಹಸಿರು ಬದುಕು: ಟೆಂಪೊ ಹತ್ತುವಂಥದ್ದನ್ನೇ ಮಾಡಿ

‘ಹನ್ನೊಂದು ತಿಂಗಳ ಕರಾರಿನ ಮನಿ, ಇಲ್ಲೇನ್ ಮಾಡಾಕ ಬರ್ತದ್ರಿ?’ ಪರಿಸರದ ವಿಷಯ ತೆಗೆದರೆ ಹುಬ್ಬಳ್ಳಿ–ಧಾರವಾಡದ ಬಾಡಿಗೆದಾರರಿಂದ ಬರುವ ಉತ್ತರ ಇದು. ಮಾಳಿಗೆ ಮೇಲೆ ಸೋಲಾರ್ ಕೂರಿಸಲು, ಮಳೆನೀರಿನ ತೊಟ್ಟಿ ಕಟ್ಟಲು ಮಾಲೀಕರ ಮನಸ್ಸು ಬೇಕು, ನಿಜ. ಧಾರವಾಡದಲ್ಲಿ ನಾಲ್ಕು ಮನೆ ಬದಲಿಸಿದ ಮೇಲೆ ನಾನೊಂದು ನಿಯಮ ಮಾಡಿಕೊಂಡೆ: ಮನೆ ಬಿಡುವ ದಿನ ನಮ್ಮ ಜೊತೆ ಟೆಂಪೊ ಹತ್ತುವಂಥದ್ದಕ್ಕೆ ಮಾತ್ರ ದುಡ್ಡು ಹಾಕಬೇಕು.

ಮನೆ ಹುಡುಕುವಾಗಲೇ ಶುರುಮಾಡಿ

ಸ್ವಂತ ಮನೆಯವರಿಗಿಲ್ಲದ ಒಂದು ಅನುಕೂಲ ನಮಗಿದೆ. ಎಲ್ಲಿರಬೇಕು ಎಂಬುದನ್ನು ಪ್ರತಿ ಸಲ ಹೊಸದಾಗಿ ಆರಿಸಬಹುದು. ಹುಬ್ಬಳ್ಳಿ–ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದಲ್ಲಿ ಮನೆ ಸಿಕ್ಕರೆ ಎರಡು ಊರಿನ ನಡುವಿನ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ಓಡಾಟಕ್ಕೆ ಸ್ಕೂಟರ್ ತೆಗೆಯಬೇಕಿಲ್ಲ. ಕಾಯಿಪಲ್ಯೆ ಸಂತೆ ಹತ್ತಿರವಿದ್ದರೆ ಇನ್ನೂ ಒಳ್ಳೆಯದು. ಮನೆಯನ್ನು ಮಧ್ಯಾಹ್ನ ಮೂರರ ಮೇಲೆ ನೋಡಿ. ಪಶ್ಚಿಮದ ಬಿಸಿಲು ಯಾವ ಕೋಣೆಗೆ ಬಡಿಯುತ್ತದೆ ಎಂಬುದು ಆಗ ಗೊತ್ತಾಗುತ್ತದೆ. ಮೇಲಿನ ಮಹಡಿಯಾದರೆ, ಬೇಸಿಗೆಗೆ ಮುಂಚೆ ಮಾಳಿಗೆಗೆ ಸುಣ್ಣ ಬಳಿಯಲು ಈಗಲೇ ಒಪ್ಪಿಗೆ ಕೇಳಿಕೊಳ್ಳಿ. ಟೆಂಪೊ ಹತ್ತದ ಖರ್ಚು ಇದೊಂದೇ. ಆದರೆ ಏಪ್ರಿಲ್‌ನಲ್ಲಿ ರಾತ್ರಿ ನಿದ್ದೆ ಕೊಡುತ್ತದೆ.

ನಳದ ನೀರು

ನಮ್ಮ ನಳಕ್ಕೆ ಬರುವ ಮಲಪ್ರಭೆ ನೀರು ಸವದತ್ತಿಯ ನವಿಲುತೀರ್ಥದ್ದು. ಅಲ್ಲಿಂದ ಏರಿಗೆ ಪಂಪ್ ಮಾಡಿ, ಅಮ್ಮಿನಬಾವಿಯಲ್ಲಿ ಶುದ್ಧಗೊಳಿಸಿ ಕಳಿಸುತ್ತಾರೆ. ಅಂದರೆ ಪ್ರತಿ ಕೊಡದ ಹಿಂದೆ ವಿದ್ಯುತ್ತೂ ಇದೆ. ಹೀಗಿದ್ದೂ ಕೆಲವು ದಿನಕ್ಕೊಮ್ಮೆ ನೀರು ಬರುವ ಓಣಿಗಳಲ್ಲಿ ನಳ ಬಂತೆಂದರೆ ಸಾಕು, ಹಳೆ ನೀರನ್ನು ಗಟಾರಕ್ಕೆ ಚೆಲ್ಲಿ ಹೊಸದು ತುಂಬುತ್ತೇವೆ. ಮುಚ್ಚಿಟ್ಟ ನೀರು ನಾಲ್ಕು ದಿನಕ್ಕೆ ಕೆಡುವುದಿಲ್ಲ. ಕುಡಿಯಲು ಮನಸ್ಸಾಗದಿದ್ದರೆ ಬಟ್ಟೆಗೆ, ಬಚ್ಚಲಿಗೆ, ಗಿಡಕ್ಕೆ ಬಳಸಿ. ವಾರಕ್ಕೊಮ್ಮೆ ಮಾತ್ರ ಬ್ಯಾರೆಲ್ಲನ್ನು ಪೂರ್ತಿ ಖಾಲಿ ಮಾಡಿ ಒಳಗೋಡೆ ಉಜ್ಜಲೇಬೇಕು. ಡೆಂಗಿ ಸೊಳ್ಳೆಯ ಮೊಟ್ಟೆ ಅಂಟಿರುವುದು ಅಲ್ಲಿಯೇ.

ಹಳೆಯ ಫ್ಲಶ್ ತೊಟ್ಟಿಯಿದ್ದರೆ ನೀರು ತುಂಬಿದ ಒಂದು ಲೀಟರ್ ಬಾಟಲಿಯನ್ನು, ತೇಲುಗುಂಡಿಗೆ ತಾಗದಂತೆ, ಒಳಗಿಡಿ. ನಾಲ್ವರ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಫ್ಲಶ್ ಆದರೆ ತಿಂಗಳಿಗೆ 600 ಲೀಟರ್ ಉಳಿಯಿತು.

ಸೊನ್ನೆ ಬಿಲ್ಲಿನ ಹಿಂದಿನ ಯುನಿಟ್

ಗೃಹಜ್ಯೋತಿ ಬಂದ ಮೇಲೆ ಹೆಸ್ಕಾಂ ಬಿಲ್ಲಿನ ಮೊತ್ತ ನೋಡಿ ಮಡಚಿಡುತ್ತೇವೆ. ಬಳಸಿದ ಯುನಿಟ್ ಎಷ್ಟು ಎಂಬ ಸಾಲನ್ನೂ ಓದಿ. ಹಳೆ ಫ್ಯಾನ್ 75 ವ್ಯಾಟ್ ಎಳೆದರೆ, ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ದಿನಕ್ಕೆ ಹನ್ನೆರಡು ತಾಸು ತಿರುಗಿದರೆ ಒಂದೇ ಫ್ಯಾನಿನಲ್ಲಿ ತಿಂಗಳಿಗೆ ಸುಮಾರು 16 ಯುನಿಟ್ ಉಳಿತಾಯ. ಮಾಲೀಕರ ಫ್ಯಾನನ್ನು ಬಿಚ್ಚಿ, ಬಟ್ಟೆ ಸುತ್ತಿ ಅಟ್ಟದಲ್ಲಿಡಿ. ಬಿಡುವಾಗ ಮತ್ತೆ ಹಾಕಿ ಕೊಡಿ.

ಹಸಿ ಕಸ: ಇಲ್ಲಿ ಸ್ವಲ್ಪ ತಾಳ್ಮೆ ಬೇಕು

ಅಡುಗೆಮನೆಯ ಹಸಿ ಕಸವನ್ನು ಗೊಬ್ಬರ ಮಾಡಲು ಇಪ್ಪತ್ತು ಲೀಟರಿನ ಎರಡು ಹಳೆ ಪೇಂಟ್ ಬಕೆಟ್ ಚೆನ್ನಾಗಿ ತೊಳೆದುಕೊಳ್ಳಿ. ತಳಕ್ಕೂ ಸುತ್ತಲೂ ಕಾದ ಮೊಳೆಯಿಂದ ತೂತು ಮಾಡಿ. ಇಟ್ಟಿಗೆ ಮೇಲಿಟ್ಟು ಕೆಳಗೊಂದು ಹರಿವಾಣ ಇಡುವುದನ್ನು ಮರೆಯಬೇಡಿ. ನನ್ನ ಮೊದಲ ಬಕೆಟ್ಟಿನ ರಸ ಇಳಿದು ಮಾಳಿಗೆಯಲ್ಲಿ ಕಲೆ ಬಿದ್ದು, ಮಾಲೀಕರಿಗೆ ಬೇಸರವಾಗಿತ್ತು.

ತಳಕ್ಕೆ ನಾಲ್ಕು ಬೆರಳು ಒಣ ಎಲೆ. ಮೇಲೆ ಹಿಡಿ ಹಳೆ ಗೊಬ್ಬರ, ಇಲ್ಲವೇ ಒಂದು ಲೋಟ ಹುಳಿ ಮಜ್ಜಿಗೆ. ದಿನದ ಸಿಪ್ಪೆ, ದೇಟು, ಚಹಾಪುಡಿ ಹಾಕಿದಾಗಲೆಲ್ಲ ಅದರ ಎರಡರಷ್ಟು ಒಣಗಿದ್ದು ಮುಚ್ಚಬೇಕು. ನಮ್ಮ ಕಡೆ ಶೇಂಗಾ ಸಿಪ್ಪೆಗೆ ಬರವಿಲ್ಲ, ಪುಡಿ ಮಾಡಿ ಹಾಕಿದರೆ ಅದಕ್ಕಿಂತ ಒಳ್ಳೆಯದು ಕಾಣೆ. ಮೂರು ದಿನಕ್ಕೊಮ್ಮೆ ತಿರುವಿ. ನಾತ ಬಂದರೆ ಹಸಿ ಹೆಚ್ಚಾಗಿದೆ, ಒಣ ಎಲೆ ಸೇರಿಸಿ. ಇರುವೆ ಹತ್ತಿದರೆ ತೀರಾ ಒಣಗಿದೆ, ನೀರು ಚಿಮುಕಿಸಿ. ಒಂದು ಬಕೆಟ್ ತುಂಬಿದ ಮೇಲೆ ಅದನ್ನು ಎರಡು ತಿಂಗಳು ಹಾಗೇ ಬಿಡಿ, ಅಷ್ಟರಲ್ಲಿ ಇನ್ನೊಂದನ್ನು ತುಂಬಿಸುತ್ತ ಹೋಗಿ. ಮಳೆಗಾಲದ ಜಿಟಿಜಿಟಿಗೆ ಮುಚ್ಚಳ ಬೇಕೇ ಬೇಕು.

ಮೊದಲ ಗೊಬ್ಬರವನ್ನು ಮಾಲೀಕರ ದಾಸವಾಳಕ್ಕೆ ಹಾಕಿ. ಸುಣ್ಣದ ಮಾತು ಆಮೇಲೆ ಸಲೀಸು. ಒಣ ಕಸ ಬೇರೆ ಚೀಲದಲ್ಲಿ ಕಸದ ಗಾಡಿಗೆ ಹೋಗಲಿ. ಹಳೆ ಸೀರೆಗಳನ್ನು ಮಾತ್ರ ಗಾಡಿಗೆ ಕೊಡಬೇಡಿ. ಕೌದಿ ಹೊಲಿಯುವ ಕೈಗಳು ಪ್ರತಿ ಓಣಿಯಲ್ಲೂ ಇನ್ನೂ ಇವೆ, ಅವರಿಗೆ ತಕ್ಕ ಕೂಲಿ ಕೊಟ್ಟು ಹೊಲಿಸಿಕೊಳ್ಳಿ.

ಮನೆ ಬಿಡುವಾಗ

ಗೃಹಜ್ಯೋತಿಗೆ ಜೋಡಿಸಿದ ನಿಮ್ಮ ಆಧಾರ್ ಅನ್ನು ಹಳೆ ಮನೆಯ ವಿದ್ಯುತ್ ಸಂಪರ್ಕದ ಆರ್‌.ಆರ್‌. ಸಂಖ್ಯೆಯಿಂದ ಡಿಲಿಂಕ್ ಮಾಡಿಸಿ, ಹೊಸ ಮನೆಯದಕ್ಕೆ ಜೋಡಿಸಿ. ಫ್ಲಶ್ ತೊಟ್ಟಿಯ ಬಾಟಲಿ ತೆಗೆಯಿರಿ. ಗೊಬ್ಬರದ ಬಕೆಟ್ಟನ್ನು ಟೆಂಪೊಗೆ ಎಲ್ಲಕ್ಕಿಂತ ಕೊನೆಗೆ ಏರಿಸಿ, ಬಾಯಿಗೆ ಮುಚ್ಚಳದ ಬದಲು ಹತ್ತಿಬಟ್ಟೆ ಕಟ್ಟಿ. ಒಳಗಿನ ಜೀವಾಣುಗಳಿಗೆ ದಾರಿಯುದ್ದಕ್ಕೂ ಗಾಳಿ ಬೇಕು.