ಜೆಟ್ ಲ್ಯಾಗ್: ಇಳಿದ ದಿನ ಬೆಳಗಿನ ಬಿಸಿಲಿಗೆ ನಾನು ಯಾಕೆ ಹೋಗುವುದಿಲ್ಲ

ಯಂತ್ರಗಳನ್ನು ಅಳವಡಿಸಿ ಚಾಲೂ ಮಾಡಿಕೊಡುವುದು ನನ್ನ ಕೆಲಸ. ವರ್ಷಕ್ಕೆ ನಾಲ್ಕೈದು ಸಲ ದೂರದ ವಿಮಾನ ಹತ್ತಲೇಬೇಕು. ಕೆಲವು ವರ್ಷದ ಹಿಂದೆ, ಪರದೇಶದಲ್ಲಿ ನಾನು ನೆಲೆಸಿರುವ ಊರಿಗಿಂತ 9 ಗಂಟೆ ಮುಂದಿರುವ ಊರೊಂದರಲ್ಲಿ ಇಳಿದ ಮರುದಿನ, ಕಂಟ್ರೋಲ್ ಪ್ಯಾನೆಲ್ ಮುಂದೆ ನಿಂತಿದ್ದೆ. ಡ್ರಾಯಿಂಗನ್ನು ಮೂರು ಸಲ ಓದಿದ್ದೆ. ಒಂದೊಂದು ವೈರಿನ ನಂಬರನ್ನೂ ಬೆರಳಿಟ್ಟು ನೋಡಿಯೇ ಸ್ಕ್ರೂ ಬಿಗಿದಿದ್ದೆ. ಪಕ್ಕದಲ್ಲಿದ್ದ ಹುಡುಗ, "ಸರ್, 14, 15 ಅದಲುಬದಲಾಗಿದೆ ನೋಡಿ" ಅಂದ. ನೋಡಿದೆ, ಕಾಣಿಸಲಿಲ್ಲ. ಅವನು ಸ್ಕ್ರೂಡ್ರೈವರ್ ತುದಿಯಿಂದ ತೋರಿಸಿದ ಮೇಲೆ ಕಂಡಿತು. ಹಾಗೇ ಕರೆಂಟ್ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ನೆನೆದು ಕೈ ತಣ್ಣಗಾಯಿತು. ಗೋಡೆಯ ಗಡಿಯಾರದಲ್ಲಿ ಬೆಳಗಿನ 11. ನನ್ನ ಮೈಗೆ ಮಾತ್ರ ಆಗ ನಡುರಾತ್ರಿ 2.

ಅಲ್ಲಿಯವರೆಗೆ ನಾನು ಇದನ್ನು ಪ್ರಯಾಣದ ಆಯಾಸ ಎಂದೇ ತಿಳಿದಿದ್ದೆ. ಆಯಾಸ ಬೇರೆ, ಇದು ಬೇರೆ. ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತಿರುತ್ತದೆ, ತೇವಾಂಶ ಬಹಳ ಹೊತ್ತು ಶೇ. 20ಕ್ಕಿಂತ ಕಡಿಮೆ. ಅದರಿಂದ ಬರುವ ತಲೆನೋವು, ಒಣಗಿದ ಗಂಟಲು, ಊದಿದ ಕಾಲು ಎಲ್ಲ ಒಂದು ರಾತ್ರಿಯ ಒಳ್ಳೆಯ ನಿದ್ದೆಗೆ ಹೋಗುತ್ತವೆ. ಉತ್ತರದಿಂದ ನೇರ ದಕ್ಷಿಣಕ್ಕೆ ಹತ್ತು ಗಂಟೆ ಹಾರಿದರೂ ಜೆಟ್ ಲ್ಯಾಗ್ ಆಗುವುದಿಲ್ಲ, ಯಾಕೆಂದರೆ ಗಡಿಯಾರ ಬದಲಾಗಿಲ್ಲ. ಜೆಟ್ ಲ್ಯಾಗ್ ಬರುವುದು ಮೈಯೊಳಗಿನ ಗಡಿಯಾರ ಹಿಂದಿನ ಊರಿನಲ್ಲೇ ಉಳಿದುಬಿಟ್ಟಾಗ.

ಆ ಗಡಿಯಾರ ಇರುವುದು ಮೆದುಳಿನ ಹೈಪೊಥಲಾಮಸ್‌ನಲ್ಲಿ, ಎರಡು ಕಣ್ಣಿನ ನರಗಳೂ ಕೂಡುವ ಜಾಗದ ಸ್ವಲ್ಪ ಮೇಲೆ. ಸುಮಾರು 20,000 ನರಕೋಶಗಳ ಪುಟ್ಟ ಗುಂಪು. ಹೊರಗಿನ ಬೆಳಕು ಇಲ್ಲದೆಯೂ ಅದು ತನ್ನಷ್ಟಕ್ಕೆ ಓಡುತ್ತದೆ. ಇದು ಮನುಷ್ಯರಿಗಷ್ಟೇ ಇರುವುದಲ್ಲ. 1729ರಲ್ಲಿ ಫ್ರಾನ್ಸಿನ ದೆ ಮೇರಾನ್ ಎಂಬ ವಿಜ್ಞಾನಿ ಮುಟ್ಟಿದರೆ ಮುನಿಯಂಥ ಗಿಡವೊಂದನ್ನು ಕತ್ತಲಲ್ಲಿಟ್ಟು ನೋಡಿದ. ಸೂರ್ಯನನ್ನು ಕಾಣದೆಯೂ ಅದು ಹಗಲಿನ ಹೊತ್ತಿಗೆ ಎಲೆ ಬಿಡಿಸಿ ರಾತ್ರಿಗೆ ಮಡಚುತ್ತಿತ್ತಂತೆ. ಈ ಸಂಗತಿ ಓದಿದಾಗಿನಿಂದ ನನ್ನ ಮೈ ಮೇಲೆ ಸಿಟ್ಟು ಮಾಡಿಕೊಳ್ಳುವುದನ್ನು ಬಿಟ್ಟೆ. ಗಿಡವೇ ಹಠ ಬಿಡದಿರುವಾಗ ಒಂದೇ ರಾತ್ರಿಯಲ್ಲಿ ನಾನು ಬದಲಾಗಬೇಕು ಎನ್ನುವುದು ನ್ಯಾಯವಲ್ಲ.

ಹೆಚ್ಚಿನವರಲ್ಲಿ ಈ ಒಳಗಡಿಯಾರದ ಒಂದು ಸುತ್ತು 24 ಗಂಟೆಗಿಂತ ಹತ್ತು ನಿಮಿಷದಷ್ಟು ಉದ್ದ. ಹಾಗಾಗಿ ಅದಕ್ಕೆ ತಡವಾಗಿ ಮಲಗು ಎಂದರೆ ಒಪ್ಪುತ್ತದೆ, ಬೇಗ ಮಲಗು ಎಂದರೆ ಒಪ್ಪುವುದಿಲ್ಲ. ಪಶ್ಚಿಮಕ್ಕೆ ಹೋದರೆ ದಿನ ಉದ್ದವಾಗುತ್ತದೆ, ಮೈ ದಿನಕ್ಕೆ ಒಂದೂವರೆ ಗಂಟೆಯಷ್ಟು ಸರಿದುಕೊಳ್ಳುತ್ತದೆ. ಪೂರ್ವಕ್ಕೆ ಹೋದರೆ ದಿನಕ್ಕೆ ಒಂದು ಗಂಟೆ ಸರಿದರೆ ದೊಡ್ಡದು. ಇದನ್ನು ಸರಿಸುವ ದೊಡ್ಡ ಕೈ ಬೆಳಕಿನದು. ಮಾತ್ರೆ, ಕಾಫಿ, ಊಟ ಎಲ್ಲ ಆಮೇಲೆ.

ಹೊಸ ಊರಿಗೆ ಹೋದ ಕೂಡಲೇ ಬೆಳಗಿನ ಬಿಸಿಲಿಗೆ ಹೋಗಿ ನಿಲ್ಲು, ಸರಿಹೋಗುತ್ತದೆ ಎಂದು ನನಗೂ ಎಲ್ಲರೂ ಹೇಳಿದ್ದರು. ವೈರು ತಪ್ಪಿದ ಆ ಪ್ರಯಾಣದಲ್ಲಿ ನಾನು ಅದನ್ನೇ ಮಾಡಿದ್ದೆ. ಏಳಕ್ಕೆ ಇಳಿದು, ಏಳೂವರೆಗೆ ಸೂರ್ಯನಿಗೆ ಮುಖ ಮಾಡಿ ಒಂದು ಗಂಟೆ ನಡೆದಿದ್ದೆ. ಅಲ್ಲಿನ ಬೆಳಗಿನ 7.30 ಎಂದರೆ ನನ್ನ ಮೈಗೆ ರಾತ್ರಿ 10.30. ರಾತ್ರಿ ಹತ್ತೂವರೆಗೆ ಕಣ್ಣಿಗೆ ಬಿಸಿಲು ಬಿದ್ದರೆ ಒಳಗಡಿಯಾರ ಏನೆಂದುಕೊಳ್ಳಬೇಕು? ಇನ್ನೂ ಹಗಲು ಮುಗಿದಿಲ್ಲ, ರಾತ್ರಿಯನ್ನು ಇನ್ನಷ್ಟು ತಡ ಮಾಡೋಣ ಎಂದುಕೊಳ್ಳುತ್ತದೆ. ಮೈಯನ್ನು ಮುಂದಕ್ಕೆ ಎಳೆಯಬೇಕಾದಲ್ಲಿ ಹಿಂದಕ್ಕೆ ತಳ್ಳಿದ್ದೆ. ಆ ಸಲ ಒಂದು ವಾರ ಕಳೆದರೂ ನೆಟ್ಟಗಾಗಲಿಲ್ಲ.

ಲೆಕ್ಕ ಹೀಗೆ. ನಾವು ದಿನಾ ತಾನಾಗಿಯೇ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮುಂಚೆ ಮೈಯ ಬಿಸಿ ಅತಿ ಕಡಿಮೆಗೆ ಇಳಿದಿರುತ್ತದೆ. ನಾನು ಅದನ್ನು ತಂಪಿನ ಹೊತ್ತು ಎಂದು ಕರೆದುಕೊಳ್ಳುತ್ತೇನೆ. ಆ ಹೊತ್ತಿಗೆ ಮುಂಚಿನ ಕೆಲವು ಗಂಟೆ ಬೆಳಕು ಬಿದ್ದರೆ ಗಡಿಯಾರ ತಡವಾಗುತ್ತದೆ, ಆ ಹೊತ್ತು ದಾಟಿದ ಮೇಲಿನ ಕೆಲವು ಗಂಟೆ ಬಿದ್ದರೆ ಬೇಗವಾಗುತ್ತದೆ. ನಾನು ಮನೆಯಲ್ಲಿ ಆರಕ್ಕೆ ಏಳುವವನು, ನನ್ನ ತಂಪಿನ ಹೊತ್ತು ನಾಲ್ಕು ಗಂಟೆ. 9 ಗಂಟೆ ಪೂರ್ವಕ್ಕೆ ಹೋದರೆ ಅದು ಅಲ್ಲಿನ ಮಧ್ಯಾಹ್ನ ಒಂದು ಗಂಟೆ. ಅಂದರೆ ಒಂದರ ತನಕ ಬೆಳಕು ನನಗೆ ವೈರಿ, ಒಂದಾದ ಮೇಲೆ ಅದೇ ಬೆಳಕು ನನ್ನ ನೆಂಟ.

ಈಗ ಪ್ರತಿ ಪ್ರಯಾಣಕ್ಕೂ ಅಂಗೈ ಅಗಲದ ಕಾಗದವೊಂದನ್ನು ಬರೆದಿಟ್ಟುಕೊಳ್ಳುತ್ತೇನೆ. ಎಡಗಡೆ ಅಲ್ಲಿನ ದಿನ, ಬಲಗಡೆ ಆ ದಿನದ ತಂಪಿನ ಹೊತ್ತು. ಪೂರ್ವಕ್ಕಾದರೆ, ಹೊರಡುವ ಎರಡು ದಿನ ಮುಂಚಿನಿಂದ ದಿನಕ್ಕೊಂದು ಗಂಟೆ ಬೇಗ ಮಲಗಿ, ಬೇಗ ಎದ್ದು, ಎದ್ದ ಕೂಡಲೇ ದೀಪಗಳನ್ನೆಲ್ಲ ಹಾಕುತ್ತೇನೆ. ಇನ್ನೂ ಒಂದು ದಿನ ಮಾಡಿದರೆ ಒಳ್ಳೆಯದೇ, ಆದರೆ ಹೊರಡುವ ಗಡಿಬಿಡಿಯಲ್ಲಿ ನನ್ನಿಂದ ಎರಡಕ್ಕಿಂತ ಹೆಚ್ಚು ಆಗಿಲ್ಲ. ಆ ಎರಡು ಗಂಟೆಯ ಲಾಭದಿಂದ ತಂಪಿನ ಹೊತ್ತು ಅಲ್ಲಿನ 11ಕ್ಕೆ ಬರುತ್ತದೆ. ಮರುದಿನ 10, ಅದರ ಮರುದಿನ 9, ಹೀಗೆ ಕಾಗದದಲ್ಲಿ ಇಳಿಯುತ್ತಾ ಹೋಗುತ್ತದೆ. ಇಳಿದ ದಿನ ವಿಮಾನದಲ್ಲೇ ಕಪ್ಪು ಕನ್ನಡಕ ಹಾಕಿಕೊಂಡು, ಟೋಪಿ ಇಟ್ಟು, ಟ್ಯಾಕ್ಸಿಯಲ್ಲಿ ನೆರಳಿನ ಬದಿಗೆ ಕೂತು ರೂಮಿಗೆ ಹೋಗುತ್ತೇನೆ. ಪರದೆ ಎಳೆದು, ಸ್ನಾನ ಮಾಡಿ, ಸುಮ್ಮನೆ ಒರಗಿರುತ್ತೇನೆ. 11 ದಾಟಿದ ಮೇಲೆ ಕನ್ನಡಕ ತೆಗೆದು ಹೊರಗೆ ನಡೆಯಲು ಹೋಗುತ್ತೇನೆ, ಕಡಿಮೆಯೆಂದರೆ ಎರಡು ಗಂಟೆ. ಮೋಡವಿದ್ದರೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಾಲು ಹೆಚ್ಚು.

ವ್ಯತ್ಯಾಸ ಹತ್ತು ಹನ್ನೆರಡು ಗಂಟೆ ದಾಟಿದರೆ ಪೂರ್ವ ಪಶ್ಚಿಮ ಎಂದು ನೋಡುವುದಿಲ್ಲ, ಪಶ್ಚಿಮದ ಲೆಕ್ಕವನ್ನೇ ಹಾಕುತ್ತೇನೆ. ತಡವಾಗುವುದು ಮೈಗೆ ಹಗುರ. ಎರಡೇ ದಿನದ ಕೆಲಸವಾದರೆ ಮನೆಯ ಸಮಯದಲ್ಲೇ ಇದ್ದುಬಿಡುತ್ತೇನೆ.

ಹಗಲು ಹೇಗೋ ಸಾಗುತ್ತದೆ, ರಾತ್ರಿ ಕಷ್ಟ. ಮೊದಲ ರಾತ್ರಿ ಒಂಬತ್ತೂವರೆಗೆ ಬಿದ್ದರೆ ಸುಸ್ತಿಗೆ ನಿದ್ದೆ ಬಂದೇ ಬರುತ್ತದೆ. ಎರಡಕ್ಕೆ ಫಕ್ಕನೆ ಎಚ್ಚರ. ಕಣ್ಣು ಪಿಳಿಪಿಳಿ, ಹೊಟ್ಟೆಯಲ್ಲಿ ಹಸಿವು. ಮೊದಲೇ ಸರಿಸಿಕೊಂಡ ಎರಡು ಗಂಟೆ ಸೇರಿಸಿದರೆ, ಆ ಹೊತ್ತಲ್ಲಿ ಮೈಗೆ ಅದು ಸಂಜೆ ಏಳು, ಊಟದ ಸಮಯ. ಸಂಜೆ ಏಳಕ್ಕೆ ಯಾರಿಗೆ ನಿದ್ದೆ ಬಂದೀತು? ಇದು ಗೊತ್ತಾದ ಮೇಲೆ ನನ್ನ ಗಾಬರಿ ಇಳಿಯಿತು. ಹಾಸಿಗೆ ಪಕ್ಕದಲ್ಲಿ ನೀರು, ತಿನ್ನಲು ಒಂದು ಹಿಡಿಯಷ್ಟು ಏನಾದರೂ ಮೊದಲೇ ಇಟ್ಟಿರುತ್ತೇನೆ. ದೀಪ ಹಾಕುವುದಿಲ್ಲ. ಬಚ್ಚಲಿಗೆ ಹೋಗಲು ಸಣ್ಣ ಹಳದಿ ಟಾರ್ಚ್. ಫೋನನ್ನು ಬಾಗಿಲ ಬಳಿ ಬೋರಲು ಹಾಕಿ ಮಲಗಿರುತ್ತೇನೆ, ಗಂಟೆ ಎಷ್ಟಾಯಿತು ಎಂದು ನೋಡುವುದೇ ಇಲ್ಲ. ನೋಡಿದರೆ ಲೆಕ್ಕ ಶುರು: ಇನ್ನು ನಾಲ್ಕು ಗಂಟೆ ಇದೆ, ಮೂರು ಇದೆ, ಎರಡೇ ಇದೆ. ಆ ಲೆಕ್ಕವೇ ಉಳಿದ ನಿದ್ದೆಯನ್ನು ತಿಂದುಹಾಕುತ್ತದೆ. ಕಣ್ಣು ಮುಚ್ಚಿ ಮಲಗಿದ್ದರೆ ಸಾಮಾನ್ಯವಾಗಿ ಐದರ ಸುಮಾರಿಗೆ ಮತ್ತೆ ಜೋಂಪು ಹತ್ತುತ್ತದೆ. ಆ ಜೋಂಪಿನಲ್ಲಿ ಸಿಕ್ಕ ಎರಡು ಗಂಟೆ ನಿದ್ದೆಯೇ ಮರುದಿನದ ಬಂಡವಾಳ. ಅದಕ್ಕೇ ಪರದೆ ಸಂದಿಯಿಂದ ಬೆಳಕು ಬರದಂತೆ ಬಟ್ಟೆ ಕ್ಲಿಪ್ಪಿನಿಂದ ಬಿಗಿದಿಡುತ್ತೇನೆ.

ಹಗಲಿನ ನಿದ್ದೆ ಇಪ್ಪತ್ತೈದು ನಿಮಿಷ, ಅದೂ ಮೂರರ ಒಳಗೆ. ಅಲಾರಂ ಕೋಣೆಯ ಆ ತುದಿಯಲ್ಲಿ, ಎದ್ದು ನಡೆದೇ ಆರಿಸಬೇಕು. ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಹಿಡಿಯುವುದರಿಂದ ಕೊನೆಯ ಕಾಫಿ ಮಧ್ಯಾಹ್ನ ಎರಡಕ್ಕೆ. ಊಟ ಅಲ್ಲಿನ ಹೊತ್ತಿಗೇ ಮಾಡುತ್ತೇನೆ, ಹಸಿವಿಲ್ಲದಿದ್ದರೆ ಸ್ವಲ್ಪ. ಪಿತ್ತಜನಕಾಂಗಕ್ಕೂ ಅದರದೇ ಗಡಿಯಾರವಿದ್ದು ಅದು ಊಟದ ಹೊತ್ತನ್ನು ನೋಡಿ ಸರಿಯುತ್ತದೆ. ಎರಡು ಮೂರು ದಿನ ಹೊಟ್ಟೆ ಕೆಟ್ಟಂತಿರುವುದು, ಮಲಬದ್ಧತೆ, ಎಲ್ಲ ಇದರ ಭಾಗವೇ.

ಮೆಲಟೊನಿನ್ ಬಗ್ಗೆ ಕೇಳುವವರು ಬಹಳ. ಕತ್ತಲಾದಾಗ ಪಿನಿಯಲ್ ಗ್ರಂಥಿ ಸುರಿಸುವ ರಸ ಅದು, ಮೈಗೆ ರಾತ್ರಿಯಾಯಿತು ಎಂದು ಸಾರುತ್ತದೆ. ಅದನ್ನು ನಿದ್ದೆ ಮಾತ್ರೆ ಎಂದು ತಿಳಿಯಬಾರದು. ಪೂರ್ವಕ್ಕೆ ಹೋದಾಗ ನಾಲ್ಕು ರಾತ್ರಿ, ಅಲ್ಲಿನ ಮಲಗುವ ಹೊತ್ತಿಗೆ, ಅರ್ಧ ಮಿಲಿಗ್ರಾಂ ತೆಗೆದುಕೊಳ್ಳಲು ನನ್ನ ವೈದ್ಯರು ಹೇಳಿದ್ದಾರೆ. ತಪ್ಪು ಹೊತ್ತಲ್ಲಿ ನುಂಗಿದರೆ ಗಡಿಯಾರ ತಪ್ಪು ಕಡೆಗೇ ಸರಿಯುತ್ತದೆ. ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಮೂರ್ಛೆರೋಗ ಇರುವವರು ಕೇಳದೆ ಮುಟ್ಟಬಾರದು. ವಿಮಾನದಲ್ಲಿ ನಿದ್ದೆ ಮಾತ್ರೆ ನುಂಗಿ ಕಾಲು ಅಲ್ಲಾಡಿಸದೆ ಏಳೆಂಟು ಗಂಟೆ ಬಿದ್ದಿರುವುದು ಇನ್ನೂ ಕೆಟ್ಟದ್ದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವಿದೆ.

ಅಮ್ಮನನ್ನು ಜೊತೆಗೆ ಕರೆದುಕೊಂಡು ಹೋದಾಗ ನನಗೆ ನಿದ್ದೆಗಿಂತ ದೊಡ್ಡ ಚಿಂತೆ ಅವರ ಇನ್ಸುಲಿನ್ ಆಗಿತ್ತು. ಪೂರ್ವಕ್ಕೆ ಹೋದರೆ ದಿನ ಗಿಡ್ಡವಾಗುತ್ತದೆ, ಎಂದಿನ ಡೋಸುಗಳು ಒಂದರ ಮೇಲೊಂದು ಬೀಳಬಹುದು. ಹೊರಡುವ ಎರಡು ವಾರ ಮುಂಚೆ ವೈದ್ಯರ ಹತ್ತಿರ ಕೂತು, ಎಲ್ಲಿ ಎಷ್ಟು ಗಂಟೆಗೆ ಎಷ್ಟು ಎಂದು ಬರೆಸಿಕೊಂಡೆ. ಮನೆಯಲ್ಲಿ ಹಿರಿಯರಿದ್ದರೆ ದಯವಿಟ್ಟು ಇದೊಂದನ್ನು ಮರೆಯಬೇಡಿ.

ಇಳಿದ ಮೊದಲ ಎರಡು ದಿನ ನಾನು ಕಾರು ಓಡಿಸುವುದಿಲ್ಲ. ಪ್ಯಾನೆಲ್ ಬಾಗಿಲನ್ನೂ ತೆರೆಯುವುದಿಲ್ಲ. ಮೊದಲೇ ಮಾತಾಡಿಕೊಂಡು, ಆ ದಿನಗಳಿಗೆ ಅಳತೆ, ಪೆಟ್ಟಿಗೆ ಬಿಚ್ಚುವ ಕೆಲಸಗಳನ್ನು ಇಟ್ಟುಕೊಳ್ಳುತ್ತೇನೆ. ಇದಕ್ಕೆ ಒಪ್ಪದ ಗ್ರಾಹಕರು ಇದ್ದಾರೆ. ಅಂಥವರಿಗೆ 14, 15ರ ಕಥೆ ಹೇಳುತ್ತೇನೆ.

ಐದಾರನೆಯ ದಿನಕ್ಕೆ ತಂಪಿನ ಹೊತ್ತು ನಿದ್ದೆಯೊಳಗೆ ಸೇರಿಕೊಳ್ಳುತ್ತದೆ. ಅದು ಗೊತ್ತಾಗುವುದು ಬೆಳಗಿನ ಹಸಿವಿನಿಂದ: ಎದ್ದ ಅರ್ಧ ಗಂಟೆಗೆ ತಿಂಡಿ ಬೇಕೆನಿಸುತ್ತದೆ. ಕಾಗದದಲ್ಲಿ ಆ ದಿನದ ಮುಂದೆ ಒಂದು ಸೊನ್ನೆ ಸುತ್ತಿ, ಹಿಂಬದಿಯಲ್ಲಿ ವಾಪಸಿನ ಲೆಕ್ಕ ಬರೆಯುತ್ತೇನೆ. ಅಲ್ಲಿನ ಬೆಳಗಿನ 6 ಎಂದರೆ ಮನೆಯಲ್ಲಿ ರಾತ್ರಿ 9. ಹಾಗಾಗಿ ಮನೆಗೆ ಬಂದ ದಿನ ಕತ್ತಲಾಗುವ ತನಕ ಹೊರಗೆ, ಒಂಬತ್ತರ ತನಕ ಮನೆಯ ದೀಪಗಳೆಲ್ಲ ಉರಿಯುತ್ತಿರಬೇಕು, ಸಂಜೆ ಆರಕ್ಕೆ ಸೋಫಾದ ಮೇಲೆ ಒರಗಲು ಹೋದರೆ ನನ್ನನ್ನು ಎಬ್ಬಿಸಬೇಕು ಎಂದು ಮಗಳಿಗೆ ಹೇಳಿಟ್ಟಿದ್ದೇನೆ.