ಮಗಳನ್ನು ಅವಳು ಹುಟ್ಟಿದ ನಾಡಿಗೆ ಕರೆದುಕೊಂಡು ಹೋದ ಅನುಭವ

ನಾವು ದತ್ತು ಪಡೆದ ಮಗಳು ಹುಟ್ಟಿದ್ದು ಮೈಸೂರು ಕಡೆ, ಬೆಳೆಯುತ್ತಿರುವುದು ಅಮೆರಿಕದಲ್ಲಿ. ನನ್ನ ತವರು ಕೊಡಗು, ನಾಪೋಕ್ಲು ಹತ್ತಿರ. ಒಂಬತ್ತು ತುಂಬಿದ ಮೇಲೆ ಅವಳೇ ಕೇಳಿದಳು, ‘ನಾನು ಮೊದಲು ಇದ್ದ ಜಾಗ ನೋಡಬೇಕು’ ಅಂತ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿ ಹೊತ್ತಿಗೆ ಹೊರಟೆವು. ಇಂಥ ಪ್ರಯಾಣಕ್ಕೆ ಹೊರಡುವ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಇಷ್ಟೇ: ವಿಮಾನದಿಂದ ಇಳಿದು ನೇರ ದತ್ತು ಕೇಂದ್ರಕ್ಕೆ ಓಡಬೇಡಿ. ಮಗು ಮೊದಲು ಒಂದು ಮನೆಯಲ್ಲಿ ಹೊಂದಿಕೊಳ್ಳಲಿ. ಕೇಂದ್ರ ನೋಡಿದ ಮೇಲೂ ಅದೇ ಮನೆಗೆ ವಾಪಸ್ ಬರುವಂತಿರಲಿ.

ಕಾಗದಪತ್ರಕ್ಕೆ ಬೇಗ ಕೈ ಹಾಕಿ. ಮಗು ಅಮೆರಿಕದ ಪ್ರಜೆಯಾದ ಮೇಲೆ ಹಳೆಯ ಭಾರತದ ಪಾಸ್‌ಪೋರ್ಟ್‌ನಲ್ಲಿ ಓಡಾಡುವಂತಿಲ್ಲ. ಅದನ್ನು ಒಪ್ಪಿಸಿ, ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವ ಒಸಿಐ ಕಾರ್ಡೋ ವೀಸಾನೋ ಮಾಡಿಸಬೇಕು.

ನಂಟರನ್ನು ಸಿದ್ಧ ಮಾಡುವುದೇ ದೊಡ್ಡ ಕೆಲಸ. ಹೊರಡುವ ಮೊದಲೇ ಚಿಕ್ಕಮ್ಮ, ಅತ್ತಿಗೆ ಎಲ್ಲರಿಗೂ ಫೋನ್ ಮಾಡಿದೆ. ‘ನಿಜವಾದ ಅಮ್ಮ ಯಾರು’ ಅಂತ ಮಗುವಿನ ಎದುರು ಕೇಳಬೇಡಿ. ‘ನಿಮ್ಮ ಕೈಗೆ ಸಿಕ್ಕಿದ್ದು ಇವಳ ಪುಣ್ಯ’ ಅಂತಲೂ ಅನ್ನಬೇಡಿ. ಆ ಮಾತು ಕೇಳಿದ ಮಗು ಜೀವನಪೂರ್ತಿ ಋಣ ಹೊತ್ತುಕೊಂಡು ತಿರುಗಬೇಕಾಗುತ್ತದೆ, ಅಲ್ವಾ? ಒಬ್ಬರು ಮಾವ ಪ್ರೀತಿಯಿಂದಲೇ, ‘ಮೈಸೂರಲ್ಲಿ ನಮಗೆ ಗೊತ್ತಿರೋರಿದ್ದಾರೆ, ಹೆತ್ತವಳ ವಿಷಯ ವಿಚಾರಿಸ್ತೀನಿ’ ಅಂದರು. ಬೇಡವೇ ಬೇಡ ಅಂದೆ. ಮೂರನೆಯವರು ಹೀಗೆ ಹುಡುಕಲು ದತ್ತು ನಿಯಮದಲ್ಲಿ ಅವಕಾಶವಿಲ್ಲ. ಆ ತಾಯಿಯ ಬದುಕೂ ನೆಮ್ಮದಿಯಿಂದ ನಡೆಯಬೇಕು.

ಹುತ್ತರಿಯ ರಾತ್ರಿ ಎಲ್ಲರ ಜೊತೆ ಗದ್ದೆಗೆ ಇಳಿದಳು. ಕದಿರು ಕೊಯ್ಯುವಾಗ ಹಾರಿಸಿದ ಕೋವಿಯ ಸದ್ದಿಗೆ ಬೆಚ್ಚಿ ನನ್ನ ಸೊಂಟ ಹಿಡಿದವಳು, ಸ್ವಲ್ಪ ಹೊತ್ತಿಗೆ ‘ಪೊಲಿ ಪೊಲಿ ದೇವಾ’ ಅಂತ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದಳು. ಹಗಲೆಲ್ಲ ತೋಟದಲ್ಲೇ ಇರುತ್ತಿದ್ದಳು. ಕೆಂಪಾದ ಅರೇಬಿಕಾ ಹಣ್ಣಿನ ಸಿಹಿ ಚೀಪಿ ಬೀಜ ಉಗಿಯುವುದನ್ನು ನನ್ನ ಅಣ್ಣನ ಮಕ್ಕಳು ಕಲಿಸಿದರು. ಆಮೇಲೊಂದು ದಿನ ತಿಂಡಿಗೆ ಕೂತಾಗ ಅವಳೇ, ‘ನಾಳೆ ಹೋಗೋಣ’ ಅಂದಳು.

ಮಡಿಕೇರಿ, ಕುಶಾಲನಗರ, ಹುಣಸೂರು ದಾಟುವವರೆಗೆ ಮಾತೇ ಇಲ್ಲ. ಕೇಂದ್ರಕ್ಕೆ ಮೊದಲೇ ಬರೆದು ಒಪ್ಪಿಗೆ ಪಡೆದಿದ್ದೆವು. ಅಲ್ಲಿನ ಮಕ್ಕಳ ಗುರುತು ಹೊರಗೆ ಬರಬಾರದೆಂದು ಕಾನೂನಿದೆ. ಅದಕ್ಕೇ ಫೋನ್ ಕಾರಿನಲ್ಲೇ ಬಿಟ್ಟೆವು. ಅವಳನ್ನು ಎತ್ತಿ ಆಡಿಸಿದ್ದ ಆಯಾ ಇನ್ನೂ ಅಲ್ಲೇ ಇದ್ದರು. ಹುಬ್ಬಿನ ಮೇಲಿನ ಮಚ್ಚೆ ಮುಟ್ಟಿ ನೋಡಿ, ‘ರಸದನ್ನ ಬಿಟ್ಟು ಬೇರೇನೂ ತಿಂತಿರಲಿಲ್ಲ ಇವಳು’ ಅಂದರು. ಮಗಳ ಮುಖ ಅರಳಿತು. ತನ್ನ ಆ ದಿನಗಳನ್ನು ಕಂಡವರು ಒಬ್ಬರಿದ್ದಾರೆ! ಆಮೇಲೆ ಕಚೇರಿಯ ಫೈಲಿನಲ್ಲಿ, ದತ್ತು ಆದ ಎರಡು ವರ್ಷ ನಾವು ಕಳುಹಿಸಿದ್ದ ವರದಿಗಳ ಜೊತೆಗಿದ್ದ ತನ್ನ ಫೋಟೊಗಳನ್ನು ಒಂದೊಂದಾಗಿ ನೋಡಿದಳು.

ಕಷ್ಟದ ಪ್ರಶ್ನೆ ಬಂದದ್ದು ತೊಟ್ಟಿಲುಗಳ ಹತ್ತಿರ. ‘ಇವರನ್ನೆಲ್ಲ ಯಾರು ಕರ್ಕೊಂಡು ಹೋಗ್ತಾರೆ?’ ಕೆಲವರು ತಮ್ಮ ಮನೆಗೇ ಮರಳುತ್ತಾರೆ, ಕೆಲವರಿಗೆ ಹೊಸ ಮನೆ ಸಿಗುತ್ತದೆ, ಕೆಲವರು ಕಾಯುತ್ತಾರೆ ಅಂದೆ. ಸುಮ್ನೆ ಸಮಾಧಾನಕ್ಕೆ ಎಲ್ಲರಿಗೂ ಮನೆ ಸಿಗುತ್ತದೆ ಅನ್ನಲಿಲ್ಲ.

ನಾಪೋಕ್ಲಿಗೆ ಮರಳಿದ ಮೇಲೆ ಎರಡು ದಿನ ಸಿಟ್ಟು, ಅಳು, ಊಟ ಬೇಡ. ಯಾರೂ ಒತ್ತಾಯ ಮಾಡಲಿಲ್ಲ. ಒಂದು ರಾತ್ರಿ ಹೆತ್ತ ತಾಯಿಯ ಬಗ್ಗೆ, ‘ನನ್ನನ್ನು ಬಿಡೋ ಮೊದಲು ಅವರು ಯೋಚನೆ ಮಾಡಿದ್ರಾ?’ ಅಂತ ಕೇಳಿದಳು. ಮಗುವನ್ನು ಒಪ್ಪಿಸಿದ ತಾಯಿಗೆ ಮನಸ್ಸು ಬದಲಿಸಲು ಕಾನೂನು 60 ದಿನ ಕೊಡುತ್ತದೆ ಎಂದು ಹೇಳಿದೆ. ಆ ದಿನಗಳಲ್ಲಿ ಅವರ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಗೊತ್ತಿರುವಂತೆ ಕಥೆ ಕಟ್ಟುವುದೂ ಇಲ್ಲ ಅಂದೆ.

18 ತುಂಬಿದ ಮೇಲೆ ತನ್ನ ಮೂಲ ತಿಳಿಯಲು ಅವಳೇ ಅರ್ಜಿ ಹಾಕಬಹುದು. ಅದಕ್ಕೆ ಮೊದಲಾದರೆ ನಮ್ಮ ಜೊತೆ ಸೇರಿ ಹಾಕಬೇಕು. ಹೆತ್ತವರು ಬೇಡವೆಂದಿದ್ದರೆ ಅವರ ವಿವರ ಸಿಗುವುದಿಲ್ಲ. ಇದನ್ನೂ ಅವಳಿಗೆ ಹೇಳಿದ್ದೇವೆ. ಅರ್ಜಿ ಹಾಕೋಣ ಅಂತ ಇನ್ನೂ ಕೇಳಿಲ್ಲ. ಕೇಳಿದ ದಿನ ಜೊತೆಗೆ ಕೂತು ಬರೆಯುತ್ತೇವೆ.